ಮಿತಭಾಷಿ ರಿಚಿ ಬೆನೊ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಮಾತನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವರು ಈ ಗಾದೆಯನ್ನು ಪಾಲಿಸುವುದು ಹೇಗೆ? ಮಾತನಾಡುವುದಕ್ಕಾಗಿಯೇ ಸಂಬಳ ಪಡೆಯುವವನು ಸುಮ್ಮನೆ ಕುಳಿತರೆ ಅವನ ಕೆಲಸ ನಡೆಯುವುದೆಂತು? ಈ ಪ್ರಶ್ನೆ ಮೇಲುನೋಟಕ್ಕೆ ವಿನೋದವಾಗಿ ತೋರಬಹುದು. ಆದರೆ ಸುಮಾರು ಅರ್ಧ ಶತಮಾನದ ಕಾಲ ದೂರದರ್ಶನದಲ್ಲಿ ಕ್ರಿಕೆಟ್ ಪಂದ್ಯಗಳ ವೀಕ್ಷಕ ವಿವರಣೆ ನೀಡಿದ ಆಸ್ಟ್ರೇಲಿಯದ ರಿಚಿ ಬೆನೊ ಅವರ ಬಾಳು ಈ ಪ್ರಶ್ನೆಗೆ ದೊರೆತ ಉತ್ತರವಾಗಿದೆ.

ಬಾನುಲಿಯ ವೀಕ್ಷಕ ವಿವರಣೆಗೂ ದೂರದರ್ಶನದ ವೀಕ್ಷಕ ವಿವರಣೆಗೂ ಬಹಳ ವ್ಯತ್ಯಾಸವಿದೆ. ಬಾನುಲಿಯನ್ನು ಕೇಳುವವನ ಕಣ್ಣಿಗೆ ಆಟದ ಬಯಲು ಕಾಣದು. ಬೌಲರನು ಎಲ್ಲಿಂದ ಓಡಿ ಬಂದನು, ದಾಂಡಿಗನು ಚೆಂಡನ್ನು ಯಾವ ಕಡೆಗೆ ಹೊಡೆದನು, ಆಕಾಶದಲ್ಲಿ ಮೋಡ ಕವಿದಿದೆಯೆ ಎಂಬುದೆಲ್ಲವನ್ನೂ ಮಾತಿನ ಮೂಲಕವೇ ಚಿತ್ರಿಸಬೇಕು. ಅಲ್ಲಿ ಮೌನಕ್ಕೆ ಎಡೆಯಿಲ್ಲ. ದೂರದರ್ಶನದಲ್ಲಾದರೋ ಆಟವೆಲ್ಲ ನೋಡುಗನ ಕಣ್ಣೆದುರಿಗೇ ನಡೆಯುತ್ತದೆ. ಚೆಂಡು ಬೇಲಿಯನ್ನು ದಾಟಿದುದನ್ನು ಕಂಡವನಿಗೆ ಚೆಂಡು ಬೇಲಿಯನ್ನು ದಾಟಿತೆಂದು ಹೇಳುವುದರಿಂದ ಪ್ರಯೋಜನವೇನು? ಕಾಣುವುದನ್ನೇ ಮತ್ತೆ ಹೇಳಿದರೆ ಬೇಸರ. ಏನನ್ನೂ ಹೇಳದಿದ್ದರೆ ಕರ್ತವ್ಯಲೋಪ. ಈ ಎರಡರ ನಡುವಣ ಕಿರಿದಾದ ದಾರಿಯನ್ನು ಕಂಡುಕೊಂಡವರಲ್ಲಿ ಬೆನೊ ಅವರು ಅಗ್ರಗಣ್ಯರು.

ರಿಚಿ ಬೆನೊ ಅವರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ಪೆನ್ರಿತ್ ಎಂಬ ಊರಿನಲ್ಲಿ 1930ನೆಯ ಇಸವಿ ಅಕ್ಟೋಬರ್ 6ರಂದು ಜನಿಸಿದರು. ಅವರ ಪೂರ್ವಿಕರು ಫ್ರಾನ್ಸ್ ದೇಶದ ಮೂಲದವರು. ತಂದೆ ಲೂ ಬೆನೊ ಶಾಲಾ ಉಪಾಧ್ಯಾಯರು. ಒಳ್ಳೆಯ ಲೆಗ್ ಸ್ಪಿನ್ ಬೌಲರರೂ ಆಗಿದ್ದರು. ಒಮ್ಮೆ ಪೆನ್ರಿತ್ ತಂಡದ ಪರವಾಗಿ ಆಡುವಾಗ ಎದುರಾಳಿಗಳ ಎರಡೂ ಸರದಿಗಳ ಇಪ್ಪತ್ತು ವಿಕೆಟ್‌ಗಳನ್ನೂ ತಾವೊಬ್ಬರೇ ಪಡೆದ ಸಾಹಸ ಅವರದು. ಆದರೆ ಉಪಾಧ್ಯಾಯ ವೃತ್ತಿಯ ನಿಮಿತ್ತ ದೂರದ ಹಳ್ಳಿಗಳಲ್ಲಿ ನೆಲಸಬೇಕಾಗಿ ಬಂದುದರಿಂದ ಅವರಿಗೆ ದೊಡ್ಡ ಪಂದ್ಯಗಳಲ್ಲಿ ಆಡುವ ಅವಕಾಶ ದೊರೆಯಲಿಲ್ಲ. ತಮಗೆ ತಪ್ಪಿಹೋದ ಅವಕಾಶ ಮಗನಿಗೆ ತಪ್ಪಬಾರದೆಂದು ಅವರು ನಿಶ್ಚಯಿಸಿದರು.

ಜುಗಿಯಾಂಗ್ ಎಂಬ ಸಣ್ಣ ಊರಿನಲ್ಲಿದ್ದಾಗ ಬಾಲಕ ರಿಚಿಯು ಶಾಲೆಯ ಉಗ್ರಾಣದ ಕೋಣೆಯಲ್ಲಿ ಒಬ್ಬನೇ ಆಟವಾಡುತ್ತಿದ್ದನು. ಚೆಂಡನ್ನು ಗೋಡೆಗೆ ಎಸೆಯುವುದು, ಪುಟಿದು ಬಂದ ಚೆಂಡನ್ನು ದಾಂಡಿನಿಂದ ಹೊಡೆಯುವುದು, ಹೆಸರಾಂತ ಆಟಗಾರರು ಆಡುತ್ತಿರುವಂತೆ ಭಾವಿಸಿಕೊಂಡು ರನ್ನುಗಳ ಲೆಕ್ಕವಿಡುವುದು ಇವೇ ಅವನ ದಿನಚರಿ. 1940ರ ಜನವರಿಯಲ್ಲಿ ತಂದೆಯು ಅವನನ್ನು ಸಿಡ್ನಿಯ ಕ್ರೀಡಾಂಗಣಕ್ಕೆ ಕರೆದೊಯ್ದರು. ಅಂದು ಕ್ಲಾರಿ ಗ್ರಿಮೆಟ್ ಎಂಬ ಪ್ರಸಿದ್ಧ ಲೆಗ್ ಸ್ಪಿನ್ ಬೌಲರರು ಆರು ವಿಕೆಟ್‌ಗಳನ್ನು ಪಡೆದರು. ಒಂಬತ್ತು ವರ್ಷದ ಬಾಲಕನ ಮನಸ್ಸಿನಲ್ಲಿ ಆ ದೃಶ್ಯ ಅಚ್ಚೊತ್ತಿ ನಿಂತಿತು. ತಾನೂ ಲೆಗ್ ಸ್ಪಿನ್ ಬೌಲರನಾಗಬೇಕೆಂಬ ಹಂಬಲ ಅಂದೇ ಮೊಳೆಯಿತು. ಬಲಗೈ ದಾಂಡಿಗನ ಕಾಲಿನ ಕಡೆಯಿಂದ ಹೊರಕ್ಕೆ ಹೊರಳುವ ಎಸೆತವೇ ಲೆಗ್ ಸ್ಪಿನ್. ಕರ್ನಾಟಕದ ಬಿ. ಎಸ್. ಚಂದ್ರಶೇಖರ್ ಅವರೂ ಅನಿಲ್ ಕುಂಬ್ಳೆ ಅವರೂ ತಮ್ಮ ತಮ್ಮ ರೀತಿಯಲ್ಲಿ ಬೆಳಗಿಸಿದುದು ಈ ಕಲೆಯನ್ನೇ. ಬೌಲಿಂಗಿನ ವಿದ್ಯೆಗಳಲ್ಲಿ ಇದು ಅತ್ಯಂತ ಕಠಿನವಾದುದೆಂದು ಬಲ್ಲವರ ಅಭಿಪ್ರಾಯ.

ಬೆನೊ ಅವರ ಆಟದ ಹಾದಿ ಹೂವಿನ ಹಾಸಿಗೆಯಾಗಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಅವರು ನ್ಯೂ ಸೌತ್ ವೇಲ್ಸ್ ತಂಡವನ್ನು ಸೇರಿದರು. ಅನಂತರ ಸ್ವಲ್ಪ ಕಾಲದಲ್ಲಿಯೇ, ಮೆಲ್ಬೋರ್ನಿನ ಒಂದು ಪಂದ್ಯದಲ್ಲಿ ಚೆಂಡು ಹಣೆಗೆ ಬಡಿದು ತಲೆಬುರುಡೆಯ ಎಲುಬು ಸೀಳಿತು. ಶಿರಸ್ತ್ರಾಣ ಧರಿಸಿ ಆಡುವ ರೂಢಿ ಆಗ ಇರಲಿಲ್ಲ. ಚೇತರಿಸಿಕೊಂಡು ಮತ್ತೆ ಬಯಲಿಗಿಳಿದ ಅವರು 1952ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡದ ವಿರುದ್ಧ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿದರು. ಆದರೂ ಹಲವು ವರ್ಷಗಳವರೆಗೆ ಅವರ ಸಾಧನೆ ಹೇಳಿಕೊಳ್ಳುವಂತಿರಲಿಲ್ಲ. 1953ರಲ್ಲಿ ಹಿರಿಯ ಬೌಲರ್ ಬಿಲ್ ಒ'ರೈಲಿಯವರು ಅವರಿಗೊಂದು ಹಿತವಚನ ಹೇಳಿದರು. ಹತ್ತಾರು ಬಗೆಯ ಎಸೆತಗಳ ಬೆನ್ನು ಹತ್ತದೆ ಒಂದೇ ಒಂದು ಎಸೆತವನ್ನು, ಚೆನ್ನಾಗಿ ತಿರುಗುವ ಲೆಗ್ ಬ್ರೇಕನ್ನು, ಬೇಕಾದ ಜಾಗಕ್ಕೆ ಬೀಳುವಂತೆ ಸಾಧಿಸಬೇಕು; ಅದಕ್ಕೆ ನಾಲ್ಕು ವರ್ಷಗಳಾದರೂ ಬೇಕಾಗುತ್ತವೆ ಎಂಬುದು ಆ ಮಾತಿನ ಸಾರ. ಬೆನೊ ಅವರು ಈ ಮಾತನ್ನು ಚಾಚೂ ತಪ್ಪದೆ ನಡೆಸಿದರು. ಸರಿಯಾಗಿ ನಾಲ್ಕು ವರ್ಷಗಳ ತರುವಾಯ, 1957-58ರ ದಕ್ಷಿಣ ಆಫ್ರಿಕ ಪ್ರವಾಸದಲ್ಲಿ, ಅವರು ಐದು ಟೆಸ್ಟ್‌ಗಳಲ್ಲಿ 30 ವಿಕೆಟ್‌ಗಳನ್ನು ಪಡೆದು ಎರಡು ಶತಕಗಳನ್ನೂ ಬಾರಿಸಿದರು. ಮರುವರ್ಷವೇ ಅವರು ಆಸ್ಟ್ರೇಲಿಯ ತಂಡದ ನಾಯಕರಾದರು.

ಈ ನಾಲ್ಕು ವರ್ಷಗಳ ನಡುವೆಯೇ ಮತ್ತೊಂದು ವಿದ್ಯಾಭ್ಯಾಸವೂ ನಡೆದಿತ್ತು. 1956ರಲ್ಲಿ ಆಸ್ಟ್ರೇಲಿಯ ತಂಡವು ಇಂಗ್ಲೆಂಡಿನ ಪ್ರವಾಸವನ್ನು ಮುಗಿಸಿದಾಗ ಬೆನೊ ಅವರು ಲಂಡನ್ನಿನಲ್ಲಿಯೇ ಉಳಿದು ಬಿ.ಬಿ.ಸಿ. ಸಂಸ್ಥೆಯಲ್ಲಿ ಮೂರು ವಾರಗಳ ದೂರದರ್ಶನ ತರಬೇತಿಯನ್ನು ಪಡೆದರು. ಅವರಿಗಿನ್ನೂ ಇಪ್ಪತ್ತಾರು ತುಂಬಿರಲಿಲ್ಲ. ಸಿಡ್ನಿ ನಗರದಲ್ಲಿ ದೂರದರ್ಶನ ಪ್ರಸಾರ ಆರಂಭವಾದುದು ಆ ವರ್ಷದ ಸೆಪ್ಟೆಂಬರಿನಲ್ಲಿ. ಅಂದರೆ ತಮ್ಮ ದೇಶದಲ್ಲಿ ಆಗತಾನೇ ಕಣ್ಣು ಬಿಡುತ್ತಿದ್ದ ಮಾಧ್ಯಮವನ್ನು ಅವರು ಮುಂದಾಲೋಚನೆಯಿಂದ ಕಲಿಯತೊಡಗಿದ್ದರು. ಕುದುರೆ ಪಂದ್ಯಗಳ ವಿವರಣೆಗಾರ ಪೀಟರ್ ಒ'ಸಲಿವನ್, ಗಾಲ್ಫ್ ಆಟದ ಹೆನ್ರಿ ಲಾಂಗ್‌ಹರ್ಸ್ಟ್, ಟೆನಿಸ್ ಆಟದ ಡಾನ್ ಮಾಸ್ಕೆಲ್ ಇವರ ಕಾರ್ಯವಿಧಾನವನ್ನು ಅವರು ಗಮನವಿಟ್ಟು ನೋಡಿದರು. ಇವರ ಆಟಗಳು ಬೇರೆ ಬೇರೆಯಾದರೂ ಇವರಲ್ಲಿ ಎರಡು ಗುಣಗಳು ಸಮಾನವಾಗಿದ್ದುವು. ಒಂದು, ಮೊದಲೇ ಮಾಡಿಕೊಂಡ ಸಿದ್ಧತೆ. ಮತ್ತೊಂದು, ಎಲ್ಲಿ ನಿಲ್ಲಿಸಬೇಕೆಂಬ ಅರಿವು.

ಬೆನೊ ಅವರಿಗೆ ಭಾಷೆಯ ಮಿತವ್ಯಯವನ್ನು ಕಲಿಸಿದ ಇನ್ನೊಂದು ಪಾಠಶಾಲೆ ಪತ್ರಿಕಾ ಕಚೇರಿ. ಆ ಕಾಲದಲ್ಲಿ ಕ್ರಿಕೆಟ್ ಆಟವೊಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಸಿಡ್ನಿಯ 'ಸನ್' ಪತ್ರಿಕೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕಿದ್ದರು. 1956ರಲ್ಲಿ ಸಂಪಾದಕೀಯ ವಿಭಾಗವನ್ನು ಸೇರಿ ಅಪರಾಧ ಸುದ್ದಿಗಳ ವರದಿಗಾರರಾದರು. ದೇಶದ ಪರವಾಗಿ ಆಡುವ ಆಟಗಾರನಿಗೆ ಕ್ರೀಡಾಪುಟದ ಅಂಕಣ ಸುಲಭವಾಗಿ ದೊರೆಯುತ್ತಿತ್ತು. ಆದರೆ ಅವರು ಪೊಲೀಸ್ ಠಾಣೆ, ನ್ಯಾಯಾಲಯಗಳ ಸುದ್ದಿ ಬರೆಯುವುದನ್ನು ಕಲಿತರು. ಕಂಡುದನ್ನು ಕಂಡಂತೆ, ಬೇಗನೆ, ಕೆಲವೇ ಪದಗಳಲ್ಲಿ ತಿಳಿಸುವ ಈ ಅಭ್ಯಾಸ ಮುಂದೆ ಅವರ ನುಡಿಗೆ ಬೆನ್ನೆಲುಬಾಯಿತು.

ನಾಯಕರಾಗಿ ಬೆನೊ ಅವರು 28 ಟೆಸ್ಟ್ ಪಂದ್ಯಗಳನ್ನು ಆಡಿಸಿದರು. ಒಂದು ಸರಣಿಯನ್ನೂ ಸೋಲಲಿಲ್ಲ. ಭಾರತಕ್ಕೂ ಅವರಿಗೂ ಹಳೆಯ ನಂಟು. 1956ರಲ್ಲಿ ಮದರಾಸಿನ ಟೆಸ್ಟ್‌ನ ಒಂದೇ ಸರದಿಯಲ್ಲಿ 72 ರನ್ನುಗಳಿಗೆ 7 ವಿಕೆಟ್‌ಗಳನ್ನೂ, ಕಲ್ಕತ್ತೆಯ ಟೆಸ್ಟ್‌ನಲ್ಲಿ ಒಟ್ಟು 11 ವಿಕೆಟ್‌ಗಳನ್ನೂ ಅವರು ಪಡೆದಿದ್ದರು. 1959ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಜಸು ಪಟೇಲರ 14 ವಿಕೆಟ್‌ಗಳ ಬಲದಿಂದ ಭಾರತವು ಆಸ್ಟ್ರೇಲಿಯವನ್ನು ಮೊಟ್ಟಮೊದಲ ಬಾರಿಗೆ ಸೋಲಿಸಿದಾಗ ಸೋತ ತಂಡದ ನಾಯಕರಾಗಿದ್ದವರೂ ಅವರೇ.

ಅವರ ನಾಯಕತ್ವದ ಸತ್ವವೇನೆಂಬುದನ್ನು 1960ರ ಡಿಸೆಂಬರಿನ ಬ್ರಿಸ್ಬೇನ್ ಟೆಸ್ಟ್ ತೋರಿಸಿತು. ವೆಸ್ಟ್ ಇಂಡೀಸ್ ತಂಡಕ್ಕೆ ಫ್ರಾಂಕ್ ವೊರೆಲ್ ನಾಯಕರು. ಕೊನೆಯ ದಿನ ಗೆಲ್ಲಲು 233 ರನ್ನುಗಳು ಬೇಕಾಗಿದ್ದ ಆಸ್ಟ್ರೇಲಿಯವು 92 ರನ್ನುಗಳಿಗೆ ಆರು ವಿಕೆಟ್‌ಗಳನ್ನು ಕಳೆದುಕೊಂಡಿತ್ತು. ಹೇಗಾದರೂ ಹೊತ್ತು ಕಳೆದು ಪಂದ್ಯವನ್ನು ಉಳಿಸಿಕೊಂಡರೆ ಸಾಕೆಂದು ಬಹುಮಂದಿ ನಾಯಕರು ಯೋಚಿಸುತ್ತಿದ್ದರು. ಚಹಾ ವಿರಾಮದಲ್ಲಿ ಡಾನ್ ಬ್ರಾಡ್ಮನ್ನರು ಉದ್ದೇಶವೇನೆಂದು ಕೇಳಿದಾಗ ಬೆನೊ ಅವರು ಗೆಲುವಿಗಾಗಿಯೇ ಆಡುವುದಾಗಿ ಉತ್ತರವಿತ್ತರು. ಅಲನ್ ಡೇವಿಡ್ಸನ್ ಅವರೊಡನೆ ಅವರು 134 ರನ್ನುಗಳನ್ನು ಕೂಡಿಸಿದರು. ಕೊನೆಯ ಓವರಿನಲ್ಲಿ ಆರು ರನ್ನುಗಳು ಬೇಕಾಗಿದ್ದುವು. ಮೂರು ವಿಕೆಟ್‌ಗಳು ಉಳಿದಿದ್ದುವು. ಮೂರೂ ವಿಕೆಟ್‌ಗಳು ಉರುಳಿದುವು. ದೊರೆತ ರನ್ನುಗಳು ಐದು ಮಾತ್ರ. ಟೆಸ್ಟ್ ಪಂದ್ಯಗಳ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಎರಡು ತಂಡಗಳ ಮೊತ್ತ ಸರಿಸಮವಾಗಿ ಪಂದ್ಯ ಮುಗಿಯಿತು. ಗೆಲ್ಲಲು ಹೊರಟವನಿಗೆ ಸೋಲುವ ಧೈರ್ಯವೂ ಇರಬೇಕೆಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಮರುವರ್ಷ ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ, ಭುಜದ ನೋವನ್ನು ಲೆಕ್ಕಿಸದೆ, ಸೋಲಿನ ಅಂಚಿನಲ್ಲಿದ್ದ ಪಂದ್ಯವನ್ನು ಅವರು 70 ರನ್ನುಗಳಿಗೆ 6 ವಿಕೆಟ್ ಪಡೆದು ಗೆದ್ದುಕೊಟ್ಟರು. 1964ರಲ್ಲಿ ಟೆಸ್ಟ್ ಆಟದಿಂದ ನಿವೃತ್ತರಾದಾಗ ಅವರ ಹೆಸರಿನಲ್ಲಿ 63 ಟೆಸ್ಟ್‌ಗಳು, 2,201 ರನ್ನುಗಳು, 248 ವಿಕೆಟ್‌ಗಳು ದಾಖಲಾಗಿದ್ದುವು. ಟೆಸ್ಟ್‌ಗಳಲ್ಲಿ ಎರಡು ಸಾವಿರ ರನ್ನು, ಇನ್ನೂರು ವಿಕೆಟ್ ಎರಡನ್ನೂ ಸಾಧಿಸಿದವರಲ್ಲಿ ಅವರೇ ಮೊದಲಿಗರು.

ಬೇರೆ ಯಾರಾದರೂ ಆಗಿದ್ದರೆ ಈ ಕೀರ್ತಿಯ ನೆರಳಿನಲ್ಲಿಯೇ ಉಳಿದ ಬಾಳನ್ನು ಕಳೆಯಬಹುದಾಗಿತ್ತು. ಬೆನೊ ಅವರ ಎರಡನೆಯ ಬಾಳು ಅಷ್ಟರಲ್ಲಿಯೇ ಮೊದಲಾಗಿತ್ತು. 1960ರಲ್ಲಿ ಅವರು ಬಿ.ಬಿ.ಸಿ.ಯ ಬಾನುಲಿಯಲ್ಲಿ ವೀಕ್ಷಕ ವಿವರಣೆ ನೀಡಿದ್ದರು. 1963ರಲ್ಲಿ ಅದೇ ಸಂಸ್ಥೆಯ ದೂರದರ್ಶನಕ್ಕೆ ಬಂದರು. ಅಲ್ಲಿಂದ ಮುಂದೆ ನಲವತ್ತೆರಡು ವರ್ಷ ಇಂಗ್ಲೆಂಡಿನ ಬೇಸಿಗೆಯಲ್ಲಿ ಅಲ್ಲಿಯೂ, ಆ ದೇಶಕ್ಕೆ ಚಳಿಗಾಲ ಬಂದಾಗ ಬೇಸಿಗೆ ಕಾಣುವ ಆಸ್ಟ್ರೇಲಿಯದಲ್ಲಿಯೂ ಅವರು ದುಡಿದರು. ಹೀಗೆ ಅವರ ಪಾಲಿಗೆ ವರ್ಷವೆಲ್ಲ ಬೇಸಿಗೆಯೇ ಆಗಿತ್ತು. ಆಟಗಾರರಾಗಿ, ವಿವರಣೆಗಾರರಾಗಿ ಅವರು ಕಂಡ ಟೆಸ್ಟ್ ಪಂದ್ಯಗಳು ಸುಮಾರು ಐನೂರು.

ದೂರದರ್ಶನದ ವಿವರಣೆಗೆ ಅವರು ಹಾಕಿಕೊಂಡ ನಿಯಮಗಳು ಕೆಲವೇ. ಅವುಗಳಲ್ಲಿ ಮೊದಲನೆಯದು, ಪರದೆಯ ಮೇಲಿನ ಚಿತ್ರಕ್ಕೆ ಏನನ್ನಾದರೂ ಸೇರಿಸಲು ಸಾಧ್ಯವಾದರೆ ಮಾತ್ರ ಬಾಯಿ ತೆರೆಯಬೇಕು, ಇಲ್ಲವಾದರೆ ಸುಮ್ಮನಿರಬೇಕು ಎಂಬುದು. ಎರಡನೆಯದು, ಯಾವ ತಂಡವನ್ನೂ 'ನಾವು', 'ನಮ್ಮವರು' ಎಂದು ಕರೆಯಬಾರದು ಎಂಬುದು. ಆಸ್ಟ್ರೇಲಿಯದ ನಾಯಕರಾಗಿದ್ದವರು ಆಸ್ಟ್ರೇಲಿಯವು ಆಡುವಾಗಲೂ ಇದನ್ನು ಮುರಿಯಲಿಲ್ಲ. ಇನ್ನೊಂದು ನಿಯಮ ಪದಗಳ ತೂಕಕ್ಕೆ ಸಂಬಂಧಿಸಿದುದು. ಹಡಗು ಮುಳುಗಿ ಜನ ಸತ್ತರೆ ಅದು ದುರಂತ. ಬರಗಾಲದಿಂದ ನಾಡು ತತ್ತರಿಸಿದರೆ ಅದು ವಿಪತ್ತು. ಕೈಗೆ ಬಂದ ಚೆಂಡು ಜಾರಿಬಿದ್ದರೆ ಅದಕ್ಕೆ ಈ ಪದಗಳನ್ನು ಬಳಸಬಾರದೆಂದು ಅವರು ಹೇಳುತ್ತಿದ್ದರು. ಸಣ್ಣ ಸಂಗತಿಗೆ ದೊಡ್ಡ ಪದವನ್ನು ಖರ್ಚು ಮಾಡಿದವನಿಗೆ ದೊಡ್ಡ ಸಂಗತಿ ಬಂದಾಗ ಪದವೇ ಇರುವುದಿಲ್ಲ. ಇಷ್ಟೇ ಅಲ್ಲದೆ, ತಾವು ಹಿಂದೆ ಆಡಿದ ಆಟದ ಹಿರಿಮೆಯನ್ನು ಕೊಚ್ಚಿಕೊಳ್ಳುವುದು ಅವರಿಗೆ ಒಗ್ಗುತ್ತಿರಲಿಲ್ಲ.

ಈ ಸಂಯಮದ ಜೊತೆಗೆ ಹದವಾದ ಹಾಸ್ಯವೂ ಅವರಲ್ಲಿತ್ತು. 1981ರ ಜುಲೈನಲ್ಲಿ ಹೆಡಿಂಗ್ಲಿ ಮೈದಾನದಲ್ಲಿ ಇಯಾನ್ ಬಾಥಮ್ ಚೆಂಡನ್ನು ಪ್ರೇಕ್ಷಕರ ಕಡೆಗೆ ಎತ್ತಿ ಹೊಡೆದಾಗ, ಅದನ್ನು ಅಟ್ಟಿಹೋಗುವುದಿರಲಿ, ಹುಡುಕುವುದೂ ಬೇಡ, ಅದು ಮಿಠಾಯಿ ಅಂಗಡಿಯನ್ನು ಹೊಕ್ಕು ಹೊರಗೆ ಬಂದಿದೆ ಎಂದರು. 1993ರ ಜೂನ್ 4ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಶೇನ್ ವಾರ್ನ್ ಎಂಬ ತರುಣನು ಇಂಗ್ಲೆಂಡಿನ ನೆಲದ ಮೇಲೆ ಟೆಸ್ಟ್ ಪಂದ್ಯದಲ್ಲಿ ತನ್ನ ಮೊತ್ತಮೊದಲ ಚೆಂಡನ್ನು ಎಸೆದನು. ಕಾಲಿನ ಆಚೆಗೆ ಬಿದ್ದ ಆ ಚೆಂಡು ಥಟ್ಟನೆ ತಿರುಗಿ ಮೈಕ್ ಗ್ಯಾಟಿಂಗರ ದಾಂಡನ್ನು ತಪ್ಪಿಸಿ ಗೂಟಕ್ಕೆ ಬಡಿಯಿತು. ತಾವೂ ಲೆಗ್ ಸ್ಪಿನ್ ಬೌಲರರಾಗಿದ್ದ ಬೆನೊ ಅವರು ಆ ಎಸೆತದ ಮರ್ಮವನ್ನು ಗಂಟೆಗಟ್ಟಲೆ ಬಣ್ಣಿಸಬಲ್ಲವರಾಗಿದ್ದರು. ಆದರೆ ಏನಾಯಿತೆಂಬುದು ಗ್ಯಾಟಿಂಗರಿಗೆ ತಿಳಿದೇ ಇಲ್ಲ, ಈಗಲೂ ತಿಳಿದಿಲ್ಲ ಎಂದಷ್ಟೇ ಅವರು ಹೇಳಿದರು. ಬೆರಗಾಗಿ ನಿಂತ ದಾಂಡಿಗನ ಮುಖವನ್ನು ಪರದೆಯೇ ತೋರಿಸುತ್ತಿತ್ತು. ಉಳಿದ ಮಾತನ್ನು ಅವರು ಆ ಮುಖಕ್ಕೆ ಬಿಟ್ಟುಕೊಟ್ಟರು.

ಮಿತವಾಗಿ ಮಾತನಾಡುವವರು ಮಾತನಾಡಲೇಬೇಕಾದ ಸಮಯದಲ್ಲಿ ಹಿಂಜರಿದರೆ ಅವರ ಮೌನಕ್ಕೆ ಬೆಲೆಯಿಲ್ಲ. ಬೆನೊ ಅವರ ಬಾಳಿನಲ್ಲಿ ಅಂತಹ ಸಮಯ 1981ರ ಫೆಬ್ರವರಿ 1ರಂದು ಬಂದಿತು. ಮೆಲ್ಬೋರ್ನಿನಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್ ತಂಡಗಳ ನಡುವೆ ಒಂದು ದಿನದ ಪಂದ್ಯ. ಕೊನೆಯ ಎಸೆತ ಉಳಿದಿತ್ತು. ಅದರಲ್ಲಿ ಆರು ರನ್ನುಗಳು ಬಂದರೆ ನ್ಯೂಜಿಲೆಂಡ್ ಪಂದ್ಯವನ್ನು ಸಮ ಮಾಡಿಕೊಳ್ಳಬಹುದಾಗಿತ್ತು. ಆಗ ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ಬೌಲರನೂ ತಮ್ಮನೂ ಆದ ಟ್ರೆವರ್ ಚಾಪೆಲ್ಲನಿಗೆ ಚೆಂಡನ್ನು ಎಸೆಯದೆ ನೆಲದ ಮೇಲೆ ಉರುಳಿಸಲು ಸೂಚಿಸಿದರು. ಉರುಳಿಬರುವ ಚೆಂಡನ್ನು ಎತ್ತಿ ಹೊಡೆಯಲು ಯಾರಿಂದ ಸಾಧ್ಯ? ದಾಂಡಿಗ ಬ್ರಯಾನ್ ಮೆಕೆಕ್ನಿ ಅದನ್ನು ತಡೆದು, ಬೇಸರದಿಂದ ದಾಂಡನ್ನು ಎಸೆದನು. ಆಸ್ಟ್ರೇಲಿಯ ಗೆದ್ದಿತು. ಅಂದಿನ ನಿಯಮಗಳ ಪ್ರಕಾರ ಅದು ತಪ್ಪೂ ಆಗಿರಲಿಲ್ಲ.

ಅಂದಿನ ಪ್ರಸಾರದ ಕೊನೆಯಲ್ಲಿ ಬೆನೊ ಅವರು ಮಾತನಾಡಬೇಕಾಗಿತ್ತು. ಗೆದ್ದುದು ಅವರ ದೇಶ. ಹಿಂದೆ ಅವರೇ ನಡೆಸಿದ್ದ ತಂಡ. ಕೇಳುತ್ತಿದ್ದವರೂ ಬಹುಪಾಲು ಅವರ ದೇಶದವರೇ. ನಿಯಮಕ್ಕೆ ವಿರೋಧವಿಲ್ಲವೆಂದು ಹೇಳಿ ಜಾರಿಕೊಳ್ಳುವುದು ಸುಲಭವಾಗಿತ್ತು. ಆದರೆ ಅವರು ಇದೊಂದು ನಾಚಿಕೆಗೇಡಿನ ಕೃತ್ಯ, ಕ್ರಿಕೆಟ್ ಬಯಲಿನಲ್ಲಿ ತಾವು ಕಂಡ ಅತ್ಯಂತ ಕೆಟ್ಟ ಕೆಲಸಗಳಲ್ಲಿ ಒಂದು, ಇಂತಹುದು ಇನ್ನೆಂದಿಗೂ ನಡೆಯಕೂಡದು ಎಂದು ನೇರವಾಗಿ ಖಂಡಿಸಿದರು. ದನಿಯೇರಲಿಲ್ಲ, ಮುಖ ಕೆಂಪಡರಲಿಲ್ಲ. ಎಂದೂ ಕಠಿನ ಪದವನ್ನಾಡದವರ ಬಾಯಿಂದ ಆ ಪದಗಳು ಬಂದುದರಿಂದಲೇ ಅವುಗಳಿಗೆ ಅಷ್ಟು ತೂಕ ಬಂದಿತು. ಎರಡೂ ದೇಶಗಳ ಪ್ರಧಾನಿಗಳು ಆ ಘಟನೆಯನ್ನು ಖಂಡಿಸಿದರು. ಮುಂದೆ ಅಂತಹ ಎಸೆತಕ್ಕೆ ಅವಕಾಶವಿಲ್ಲದಂತೆ ನಿಯಮವನ್ನೂ ತಿದ್ದಲಾಯಿತು. ತನ್ನವರ ಗೆಲುವಿಗಿಂತ ನ್ಯಾಯ ದೊಡ್ಡದೆಂದು ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಬೆನೊ ಅವರ ನಿರ್ಧಾರಗಳೆಲ್ಲವನ್ನೂ ಎಲ್ಲರೂ ಮೆಚ್ಚಿದರೆಂದು ಹೇಳಲಾಗದು. 1977ರಲ್ಲಿ ಉದ್ಯಮಿ ಕೆರಿ ಪ್ಯಾಕರ್ ಹೆಸರಾಂತ ಆಟಗಾರರನ್ನು ಸೇರಿಸಿಕೊಂಡು ಕ್ರಿಕೆಟ್ ಮಂಡಲಿಗಳಿಗೆ ಎದುರಾಗಿ ಬೇರೆಯೇ ಪಂದ್ಯಾವಳಿಯನ್ನು ಏರ್ಪಡಿಸಿದಾಗ ಬೆನೊ ಅವರೂ ಅವರ ಪತ್ನಿ ಡ್ಯಾಫ್ನೆ ಅವರೂ ಅದಕ್ಕೆ ಸಲಹೆಗಾರರಾದರು. ಸಂಪ್ರದಾಯದ ಪಕ್ಷಪಾತಿಗಳಾದ ಹಳೆಯ ಮಿತ್ರರನೇಕರು ಇದರಿಂದ ಮುನಿದರು. ಆದರೆ ಆಟಗಾರರು ಪಡೆಯುತ್ತಿದ್ದ ಅಲ್ಪ ಸಂಭಾವನೆಯನ್ನು ಬೆನೊ ಅವರು ಸ್ವತಃ ಅನುಭವಿಸಿ ಬಲ್ಲವರಾಗಿದ್ದರು. ದೀಪದ ಬೆಳಕಿನಲ್ಲಿ ನಡೆಯುವ ಪಂದ್ಯ, ಬಿಳಿಯ ಚೆಂಡು, ಬಣ್ಣದ ಉಡುಪು ಇವು ಜನಪ್ರಿಯವಾದುದು ಆ ಪಂದ್ಯಾವಳಿಯಿಂದ. ದೂರದರ್ಶನದ ಕ್ಯಾಮೆರಾಗಳನ್ನು ಬಯಲಿನ ಎರಡು ತುದಿಗಳಲ್ಲಿಯೂ ಇರಿಸಿ, ಪ್ರತಿಯೊಂದು ಓವರನ್ನೂ ಒಂದೇ ದಿಕ್ಕಿನಿಂದ ಕಾಣುವಂತೆ ತೋರಿಸುವ ಪದ್ಧತಿಯೂ ಅದರೊಡನೆ ಬೇರೂರಿತು. ಅಂದು ಆರಂಭವಾದ ಆಸ್ಟ್ರೇಲಿಯದ ಚಾನೆಲ್ ನೈನ್ ಸಂಸ್ಥೆಯೊಡನೆಯ ಬೆನೊ ಅವರ ಸಂಬಂಧ 2013ರವರೆಗೂ ನಡೆಯಿತು. ತೆಳು ಕೆನೆಬಣ್ಣದ ಕೋಟು, ಬೆಳ್ಳಿಯ ಕೂದಲು, ಎಲ್ಲರಿಗೂ ಬೆಳಗಿನ ವಂದನೆ ಹೇಳುವ ತಗ್ಗಿದ ದನಿ ಇವು ಆ ದೇಶದ ಮನೆಮನೆಗೂ ಪರಿಚಿತವಾದುವು.

ಇಂಗ್ಲೆಂಡಿನಲ್ಲಿ ಅವರ ಕೊನೆಯ ವಿವರಣೆ 2005ರ ಸೆಪ್ಟೆಂಬರ್ 12ರಂದು ಲಂಡನ್ನಿನ ಓವಲ್ ಮೈದಾನದಿಂದ ಪ್ರಸಾರವಾಯಿತು. ಮರುವರ್ಷದಿಂದ ಅಲ್ಲಿನ ಟೆಸ್ಟ್ ಪಂದ್ಯಗಳು ಹಣ ತೆತ್ತವರಿಗೆ ಮಾತ್ರ ಕಾಣುವ ವಾಹಿನಿಯ ಪಾಲಾಗಲಿದ್ದುವು. ಕ್ರಿಕೆಟ್ ಆಟವು ಬಡವ ಬಲ್ಲಿದರೆನ್ನದೆ ಎಲ್ಲರ ಮನೆಗೂ ಬರಬೇಕೆಂಬ ನಂಬಿಕೆಯಿಂದ ಬೆನೊ ಅವರು ಆ ವಾಹಿನಿಯಲ್ಲಿ ಕೆಲಸ ಮಾಡಲು ಒಪ್ಪಲಿಲ್ಲ. ಅಂದು ಕಡೆಯ ಕ್ಷಣಗಳಲ್ಲಿ ಅವರು ನೋಡುಗರಿಗೆ ವಂದನೆಗಳನ್ನು ಅರ್ಪಿಸುತ್ತಿದ್ದರು. ಅದೇ ಹೊತ್ತಿಗೆ ಗ್ಲೆನ್ ಮೆಗ್ರಾತ್ ಎಸೆದ ಚೆಂಡು 158 ರನ್ನುಗಳನ್ನು ಗಳಿಸಿದ್ದ ಕೆವಿನ್ ಪೀಟರ್ಸನ್ನರ ಗೂಟವನ್ನು ಉರುಳಿಸಿತು. ನಲವತ್ತೆರಡು ವರ್ಷಗಳ ಸೇವೆಯ ಬೀಳ್ಕೊಡುಗೆಯ ಮಾತು ಅರ್ಧಕ್ಕೆ ನಿಂತಿತು. ಬೆನೊ ಅವರು ಎಂದಿನ ದನಿಯಲ್ಲಿಯೇ ವಿಕೆಟ್ ಬಿದ್ದ ಸುದ್ದಿಯನ್ನು ತಿಳಿಸಿ, ಪೀಟರ್ಸನ್ನರ ಆಟವನ್ನು ಮೆಚ್ಚಿ ನುಡಿದು, ಧ್ವನಿವರ್ಧಕವನ್ನು ಜೊತೆಯವರಿಗೆ ಒಪ್ಪಿಸಿದರು. ತಮ್ಮ ಬೀಳ್ಕೊಡುಗೆಗಿಂತ ಆಟವೇ ಮುಖ್ಯವೆಂದು ಬಾಯಿಬಿಟ್ಟು ಹೇಳುವ ಅಗತ್ಯ ಅವರಿಗಿರಲಿಲ್ಲ.

2013ರ ಅಕ್ಟೋಬರಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರು ತೀವ್ರವಾಗಿ ಗಾಯಗೊಂಡರು. ಮರುವರ್ಷ ತಮಗೆ ಚರ್ಮದ ಕ್ಯಾನ್ಸರ್ ಇರುವುದನ್ನು ತಿಳಿಸಿದರು. ತಾರುಣ್ಯದಲ್ಲಿ ಟೊಪ್ಪಿಗೆ ಧರಿಸದೆ ಬಿಸಿಲಿನಲ್ಲಿ ಆಡಿದುದನ್ನು ನೆನೆದು, ಎಳೆಯರು ತಲೆಯನ್ನು ಬಿಸಿಲಿನಿಂದ ಕಾಪಾಡಿಕೊಳ್ಳಬೇಕೆಂದು ಬುದ್ಧಿ ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ಫಿಲಿಪ್ ಹ್ಯೂಸ್ ಎಂಬ ಇಪ್ಪತ್ತೈದು ವರ್ಷದ ಆಟಗಾರನು ಸಿಡ್ನಿಯಲ್ಲಿ ಚೆಂಡಿನ ಪೆಟ್ಟಿನಿಂದ ಮೃತನಾದನು. ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟ್‌ನ ಆರಂಭಕ್ಕೆ ಮುನ್ನ ಅವನಿಗೆ ಸಲ್ಲಿಸಿದ ಶ್ರದ್ಧಾಂಜಲಿಯಲ್ಲಿ ಕೇಳಿಬಂದುದು ಬೆನೊ ಅವರ ದನಿ. ತಾವೂ ಒಮ್ಮೆ ಚೆಂಡಿನ ಪೆಟ್ಟಿಗೆ ತಲೆಯೊಡ್ಡಿ ಬದುಕುಳಿದಿದ್ದ ಆ ವೃದ್ಧರು ಕೆಲವೇ ಮಾತುಗಳಲ್ಲಿ ಆ ತರುಣನನ್ನು ಮಗನೇ ಎಂದು ಕರೆದು ಬೀಳ್ಕೊಟ್ಟರು. ದುರಂತವೆಂಬ ಪದವನ್ನು ಜೀವನವಿಡೀ ಜೋಪಾನವಾಗಿ ಕಾದಿಟ್ಟವರ ದನಿ ನಿಜವಾದ ದುರಂತದೆದುರು ಮೃದುವಾಗಿ ಕೇಳಿಬಂದಿತು.

2015ರ ಏಪ್ರಿಲ್ 10ರಂದು, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ರಿಚಿ ಬೆನೊ ಅವರು ಸಿಡ್ನಿಯಲ್ಲಿ ನಿಧನರಾದರು. ಸರ್ಕಾರವು ರಾಜಮರ್ಯಾದೆಯೊಡನೆ ಅಂತ್ಯಸಂಸ್ಕಾರ ನಡೆಸಲು ಮುಂದೆ ಬಂದಿತು. ಕುಟುಂಬದವರು ಅದನ್ನು ವಿನಯದಿಂದ ನಿರಾಕರಿಸಿ ಆಪ್ತರ ನಡುವೆ ಸರಳವಾಗಿ ಸಂಸ್ಕಾರವನ್ನು ನೆರವೇರಿಸಿದರು. ಬದುಕಿನಂತೆ ಬೀಳ್ಕೊಡುಗೆಯಲ್ಲಿಯೂ ಆಡಂಬರವಿರಲಿಲ್ಲ. ಸಿಡ್ನಿ ಟೆಸ್ಟ್‌ನ ದಿನಗಳಲ್ಲಿ ಅವರ ಅಭಿಮಾನಿಗಳು ನೂರಾರು ಮಂದಿ ಬೆಳ್ಳಿಗೂದಲ ಟೊಪ್ಪಿ, ಕೆನೆಬಣ್ಣದ ಕೋಟು ಧರಿಸಿ ಪ್ರೇಕ್ಷಕರ ನಡುವೆ ಸಾಲಾಗಿ ಕುಳಿತುಕೊಳ್ಳುವ ವಾಡಿಕೆ ಅವರ ಜೀವಿತಕಾಲದಲ್ಲಿಯೇ ಆರಂಭವಾಗಿತ್ತು. ಅವರ ತರುವಾಯವೂ ಅದು ಮುಂದುವರಿಯಿತು.

ಉಗ್ರಾಣದ ಕೋಣೆಯಲ್ಲಿ ಗೋಡೆಯೊಡನೆ ಆಡಿದ ಬಾಲಕನು ಜಗತ್ತಿನ ಲಕ್ಷಾಂತರ ಮನೆಗಳಿಗೆ ಆಟವನ್ನು ತಲುಪಿಸಿದನು. ನಾಲ್ಕು ವರ್ಷ ಒಂದೇ ಎಸೆತವನ್ನು ತಿದ್ದಿಕೊಂಡ ತಾಳ್ಮೆಯೇ ಮುಂದೆ ಒಂದೊಂದು ಪದವನ್ನೂ ತೂಗಿ ಆಡುವ ಎಚ್ಚರವಾಯಿತು. ಹೇಳಲೇಬೇಕಾದುದನ್ನು ಹೇಳುವುದು, ಹೇಳಬೇಕಾಗಿಲ್ಲದುದನ್ನು ಬಿಡುವುದು, ಇವೆರಡರ ವಿವೇಕವನ್ನು ಬಲ್ಲವನ ಮಾತು ಬೆಳ್ಳಿಯೂ ಹೌದು, ಅವನ ಮೌನ ಬಂಗಾರವೂ ಹೌದು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ರಿಚಿ ಬೆನೊ ಅವರ ತಂದೆಯ ವೃತ್ತಿ ಯಾವುದು?
2. ಬಾಲಕ ರಿಚಿಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತ ದೃಶ್ಯ ಯಾವುದು?
3. ಬೆನೊ ಅವರು ದೂರದರ್ಶನದ ತರಬೇತಿಯನ್ನು ಎಲ್ಲಿ, ಯಾವಾಗ ಪಡೆದರು?
4. ಬ್ರಿಸ್ಬೇನ್ ಟೆಸ್ಟ್ ಹೇಗೆ ಮುಗಿಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಾನುಲಿಯ ವೀಕ್ಷಕ ವಿವರಣೆಗೂ ದೂರದರ್ಶನದ ವೀಕ್ಷಕ ವಿವರಣೆಗೂ ಇರುವ ವ್ಯತ್ಯಾಸವೇನು?
2. ಬಿಲ್ ಒ'ರೈಲಿಯವರು ನೀಡಿದ ಹಿತವಚನವೇನು? ಅದರ ಫಲವೇನಾಯಿತು?
3. ಪತ್ರಿಕಾ ಕಚೇರಿಯ ಅನುಭವ ಬೆನೊ ಅವರಿಗೆ ಹೇಗೆ ನೆರವಾಯಿತು?
4. ಬೆನೊ ಅವರು 2005ರಲ್ಲಿ ಇಂಗ್ಲೆಂಡಿನ ವಿವರಣೆಯಿಂದ ಏಕೆ ನಿವೃತ್ತರಾದರು?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ವೀಕ್ಷಕ ವಿವರಣೆಯಲ್ಲಿ ಬೆನೊ ಅವರು ಪಾಲಿಸಿದ ನಿಯಮಗಳನ್ನು ಉದಾಹರಣೆಗಳೊಡನೆ ವಿವರಿಸಿರಿ.
2. 1981ರ ಮೆಲ್ಬೋರ್ನ್ ಪಂದ್ಯದಲ್ಲಿ ನಡೆದುದೇನು? ನಿಯಮಕ್ಕೆ ವಿರೋಧವಲ್ಲದ ಕಾರ್ಯವನ್ನೂ ಬೆನೊ ಅವರು ಖಂಡಿಸಿದುದು ಸರಿಯೆ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.

ಈ. ಸಂದರ್ಭದೊಡನೆ ವಿವರಿಸಿರಿ.
1. "ಉಳಿದ ಮಾತನ್ನು ಅವರು ಆ ಮುಖಕ್ಕೆ ಬಿಟ್ಟುಕೊಟ್ಟರು."
2. "ಗೆಲ್ಲಲು ಹೊರಟವನಿಗೆ ಸೋಲುವ ಧೈರ್ಯವೂ ಇರಬೇಕು."

ಉ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ: ಜೀವನೋಪಾಯ, ಅತ್ಯಂತ, ಚಳಿಗಾಲ.
2. ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ: ಅಚ್ಚೊತ್ತು, ಚಾಚೂ ತಪ್ಪದೆ, ಅಗ್ರಗಣ್ಯ, ಜಾರಿಕೊಳ್ಳು.
3. ನಿಮ್ಮ ಶಾಲೆಯಲ್ಲಿ ನಡೆದ ಒಂದು ಕ್ರೀಡಾ ಪಂದ್ಯವನ್ನು ಆಟವನ್ನು ಕಾಣದವರಿಗೆ ತಿಳಿಯುವಂತೆ ಹತ್ತು ವಾಕ್ಯಗಳಲ್ಲಿ ವರ್ಣಿಸಿರಿ. ಅದೇ ಪಂದ್ಯವನ್ನು ಕಾಣುತ್ತಿರುವವರಿಗೆ ಹೇಳಬೇಕಾದ ಮಾತುಗಳನ್ನು ಮೂರು ವಾಕ್ಯಗಳಲ್ಲಿ ಬರೆಯಿರಿ.